ಉಡದ ದವಡೆಯಲ್ಲೊಂದು ಕುಳಿ

"ಈ ಕುಳಿ ಯಾಕಿದೆ?"

ವಕೀಲೆಯ ಪ್ರಶ್ನೆಗೆ ಕಂಪನಿಯ ಮುಖ್ಯ ಇಂಜಿನಿಯರ್ ಕನ್ನಡಕ ತೆಗೆದು ಗಾಜು ಒರೆಸಿದರು. ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿದರು.

ಪರೀಕ್ಷಾ ಕೊಠಡಿಯ ಉಕ್ಕಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಲಿಫ್ಟಿನ ಕ್ಲಾಂಪೊಂದು ಕೈಕಾಲು ಬಿಚ್ಚಿಕೊಂಡು ಮಲಗಿತ್ತು. ಬಿಚ್ಚಿದವಳು ಅವಳೇ. ಕರಿ ಕೋಟನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, ತೋಳು ಮಡಚಿ, ತನ್ನದೇ ಸ್ಪ್ಯಾನರಿನಿಂದ ಒಂದೊಂದೇ ಬೋಲ್ಟ್ ಸಡಿಲಿಸಿದ್ದಳು. ಕೋರ್ಟಿನ ಮೊಗಸಾಲೆಯಲ್ಲಿ ಅವಳಿಗೆ 'ಸ್ಪ್ಯಾನರ್ ವಕೀಲೆ' ಎಂಬ ಹೆಸರು ಸುಮ್ಮನೆ ಬಿದ್ದಿರಲಿಲ್ಲ.

ಹಗ್ಗ ಕಡಿದ ಲಿಫ್ಟು ಪಾತಾಳ ಸೇರುವ ಮೊದಲೇ ಪಕ್ಕದ ಹಳಿಯನ್ನು ಕಚ್ಚಿ ನಿಲ್ಲಿಸುವ ಈ ಕ್ಲಾಂಪನ್ನು ಕಂಡುಹಿಡಿದವರು ಅವಳ ಕಕ್ಷಿದಾರ ಮೇಷ್ಟ್ರು, ಅದನ್ನು ಕದ್ದು ತನ್ನದೆಂದು ಮಾರುತ್ತಿರುವುದು ಈ ದೊಡ್ಡ ಕಂಪನಿ. ಕೇಸು ಇಷ್ಟೇ. ಕಳ್ಳತನ ತೋರಿಸಲು ಕೋರ್ಟು ಕೊಟ್ಟದ್ದು ಒಂದೇ ಒಂದು ತಪಾಸಣೆ. ಅದು ಇವತ್ತು.

"ಗ್ರೀಸ್," ಎಂದರು ಮುಖ್ಯ ಇಂಜಿನಿಯರ್ ಕೊನೆಗೆ. "ಗ್ರೀಸ್ ನಿಲ್ಲೋಕೆ. ಒಂಚೂರು ಜಿಡ್ಡು ಅಲ್ಲಿ ಯಾವಾಗ್ಲೂ ಇರ್ಲಿ ಅಂತ."

"ಹೌದಾ?"

ವಕೀಲೆ, ಹಳಿಯನ್ನು ಕಚ್ಚುವ ಭಾರದ ದವಡೆಯನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ಹಿಡಿದಳು.

"ಲಿಫ್ಟಲ್ಲಿ ಇದು ಕೂರೋದು ಹೀಗೆ ತಾನೇ?"

"ಹೌದು."

"ಅಂದ್ರೆ ಕುಳಿಯ ಬಾಯಿ ಕೆಳಗಡೆಗೆ. ಬೋರಲು ಹಾಕಿದ ಬಟ್ಟಲಲ್ಲಿ ಎಣ್ಣೆ ನಿಲ್ಲುತ್ತಾ ಸರ್?"

ತಪಾಸಣೆಗೆ ಸಾಕ್ಷಿಯಾಗಿರಲೆಂದು ನ್ಯಾಯಾಧೀಶರು ಕಳಿಸಿದ್ದ ಕಮಿಷನರ್ ಅದುವರೆಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಈಗ ಮೂಗಿನಲ್ಲೇ ನಕ್ಕು ಪೆನ್ನು ತೆರೆದರು. ಸ್ವತಃ ನಿವೃತ್ತ ಜಡ್ಜ್. ಎಲ್ಲಿ ಎಚ್ಚರವಾಗಬೇಕೆಂದು ಅವರಿಗೆ ಗೊತ್ತಿತ್ತು.

ಕಂಪನಿಯ ಪರ ಬಂದಿದ್ದ ಹಿರಿಯ ವಕೀಲರು ಗಂಟಲು ಸರಿಮಾಡಿಕೊಂಡರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. "ನೋಡಮ್ಮಾ, ತೂಕ ಇಳಿಸೋಕೂ ಇರಬಹುದಲ್ಲ?"

"ಇಷ್ಟು ಕುಳಿ ತೋಡಿದ್ರೆ ತೂಕ ಇಳಿಯುತ್ತೆ ಅನ್ನೋದಾದ್ರೆ, ಉಗುರು ಕತ್ತರಿಸ್ಕೊಂಡು ನಾನೂ ಸಣ್ಣಗಾಗ್ತೀನಿ ಸರ್." ಅವಳು ಕಮಿಷನರ ಕಡೆ ತಿರುಗಿದಳು. "ಬರ್ಕೊಳ್ಳಿ. ಕುಳಿ ಇದೆ. ಯಾಕಿದೆ ಅನ್ನೋದು ಮಾಡಿದವರಿಗೇ ಗೊತ್ತಿಲ್ಲ."

"ಮೇಡಂ, ನಮ್ಮ ಕ್ಲಾಂಪೇ ಬೇರೆ," ಮುಖ್ಯ ಇಂಜಿನಿಯರರ ದನಿ ಏರಿತು. "ನಿಮ್ಮ ಮೇಷ್ಟ್ರದ್ದು ಬೆಣೆ ಬಿಗಿದು ಹಿಡಿಯುತ್ತೆ. ನಮ್ಮದರಲ್ಲಿ ರೋಲರ್ ಉರುಳಿ ಹಿಡಿಯುತ್ತೆ."

"ರೋಲರ್ ನಿಮ್ಮದೇ ಇರ್ಲಿ. ದವಡೆ ಯಾರದ್ದು?"

ಉತ್ತರ ಅವಳಿಗೆ ಗೊತ್ತಿತ್ತು. ಮೇಷ್ಟ್ರು ತಮ್ಮ ಸಾಧನಕ್ಕೆ 'ಉಡ' ಎಂದು ಹೆಸರಿಟ್ಟಿದ್ದರು. ಉಡದ ಪಟ್ಟು ಬಿಡಿಸುವುದು ಯಾರಿಂದ ಸಾಧ್ಯ? ಆ ಉಡದ ಮೊಟ್ಟಮೊದಲ ಮಾದರಿಯ ದವಡೆಯಲ್ಲಿ ಒಂದು ಸ್ಪ್ರಿಂಗ್ ಇತ್ತು; ಸ್ಪ್ರಿಂಗಿನ ಪಾದ ಕೂರಲು ಒಂದು ಕುಳಿ. ಆಮೇಲೆ ಸ್ಪ್ರಿಂಗ್ ಬೇಡವೆನಿಸಿ ಮೇಷ್ಟ್ರು ಕಿತ್ತುಹಾಕಿದರು, ಕುಳಿಯಿಲ್ಲದ ಹೊಸ ಅಚ್ಚು ಮಾಡಿಸಿದರು. "ಬೇಡದ ಕುಳಿ ಉಳಿಸ್ಕೊಂಡ್ರೆ ಸೀಳು ಅಲ್ಲಿಂದ್ಲೇ ಹುಟ್ಟುತ್ತೆ," ಎಂದು ಕೇಸು ಒಪ್ಪಿಸಿದ ದಿನವೇ ಹೇಳಿದ್ದರು. ಹಳೆ ಅಚ್ಚನ್ನು ಒಡೆಸಿದೆ ಎಂದೂ ಹೇಳಿದ್ದರು.

ಪೇಟೆಂಟಿನ ಚಿತ್ರದಲ್ಲಿ ಆ ಕುಳಿ ಇರಲಿಲ್ಲ. ಮಾರಾಟವಾದ ಯಾವ ಉಡದಲ್ಲೂ ಇರಲಿಲ್ಲ. ಮೇಷ್ಟ್ರ ವರ್ಕ್‌ಶಾಪಿನ ಗೋಡೆ ದಾಟದ ಕುಳಿ ಇಲ್ಲಿ, ಅವಳ ಹೆಬ್ಬೆರಳಿನ ಕೆಳಗೆ ಕೂತಿತ್ತು.

ನಕಲು ಸಾಬೀತಾಯಿತು. ಆದರೆ ಹೊರಗಿನ ಕಳ್ಳ ಹೊರಗೆ ಇಟ್ಟದ್ದನ್ನಷ್ಟೇ ಕದಿಯಬಲ್ಲ. ಇದನ್ನು ಕೊಟ್ಟವರು ಒಳಗಿನವರು.

ಆ ಯೋಚನೆಯಲ್ಲೇ ಅವಳು ಜಿಡ್ಡು ಒರೆಸಿ, ಕುಳಿಯ ಅಂಚಿನಿಂದ ಉಗುರನ್ನು ಹೊರಕ್ಕೆ ಜಾರಿಸಿದಳು. ಇಂಜಿನಿಯರ್ ಆಗಿದ್ದ ಕಾಲದ ಅಭ್ಯಾಸ. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ.

ಸಿಕ್ಕಿತು.

ಕೂದಲೆಳೆಯಂಥ ಗೆರೆ. ಕುಳಿಯ ಅಂಚಿನಲ್ಲಿ ಹುಟ್ಟಿ ದವಡೆಯ ದಪ್ಪದೊಳಕ್ಕೆ ಇಳಿದಿತ್ತು.

ತಲೆಯೆತ್ತಿದಳು. ಮುಖ್ಯ ಇಂಜಿನಿಯರ್ ಅವಳ ಮುಖ ನೋಡುತ್ತಿರಲಿಲ್ಲ. ಅವಳ ಉಗುರು ನೋಡುತ್ತಿದ್ದರು. ಹಣೆಯಲ್ಲಿ ಬೆವರು.

"ಕಮಿಷನರ್ ಸರ್, ಇಲ್ಲೊಂದು ಗೆರೆ ಇದೆ. ಬಣ್ಣದ ಪರೀಕ್ಷೆ ಮಾಡ್ಬೇಕು. ಕೆಂಪು ದ್ರವ ಹಚ್ಚಿ ಒರೆಸಿದ್ರೆ ಸಾಕು, ಸೀಳಾಗಿದ್ರೆ ತಾನಾಗೇ ಬಾಯಿ ಬಿಡುತ್ತೆ."

"ಆಕ್ಷೇಪಣೆ!" ಹಿರಿಯ ವಕೀಲರು ಈ ಬಾರಿ ಬೆಣ್ಣೆ ಮರೆತರು. "ಆದೇಶ ಓದಿ ಸರ್. ಅಳತೆ, ಫೋಟೋ. ಪರೀಕ್ಷೆ ಅನ್ನೋ ಪದವೇ ಇಲ್ಲ ಅದರಲ್ಲಿ."

ಕಮಿಷನರ್ ಓದಿದರು. "ಇಲ್ಲಮ್ಮಾ. ಗೆರೆ ಇದೆ ಅಂತ ನೀವು ಹೇಳಿದ್ರಿ ಅಂತ ಬರೀತೀನಿ. ಅಷ್ಟೇ ಆಗೋದು. ಇನ್ನೊಂದು, ಇಲ್ಲಿ ನೋಡಿದ್ದನ್ನ ಜಡ್ಜ್‌ಗೆ ಬಿಟ್ಟು ಯಾರಿಗೂ ಹೇಳೋ ಹಾಗಿಲ್ಲ. ನಿಮ್ಮ ಕಕ್ಷಿದಾರರಿಗೂ."

ಅವಳು ದವಡೆಯ ಬೆನ್ನಿನ ಮೇಲೆ ಒತ್ತಿದ್ದ ಉದ್ದನೆಯ ಕ್ರಮಸಂಖ್ಯೆಯ ಫೋಟೋ ತೆಗೆದಳು. ಕೋಟು ಹಾಕಿಕೊಂಡಳು. ಮರೆತಿದ್ದ ಸ್ಪ್ಯಾನರನ್ನು ಕೈಗೆ ಕೊಡಲು ಬಂದ ಮುಖ್ಯ ಇಂಜಿನಿಯರ್ ತುಟಿ ಅಲುಗಿಸದೆ ಹೇಳಿದರು:

"ಆ ಕುಳಿ ನಾವು ಹುಟ್ಟಿಸಿದ್ದಲ್ಲ ಮೇಡಂ. ಬಂದಿದ್ದೇ ಹಾಗೆ."

*

ಕಾರು ಹತ್ತಿದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ಕೋರ್ಟಿನ ಕಚೇರಿಗೆ ಫೋನ್. ನ್ಯಾಯಾಧೀಶರನ್ನು ಈಗಲೇ ಕಾಣಬೇಕಿತ್ತು. ಅವರು ಊರಲ್ಲಿಲ್ಲ, ನಾಳೆ ಬೆಳಿಗ್ಗೆ ಕಲಾಪ ಶುರುವಾಗುತ್ತಲೇ ಬನ್ನಿ ಎಂಬ ಉತ್ತರ ಬಂತು. ನಾಳೆ ಹೇಗೂ ಇದೇ ಕೇಸಿನ ವಿಚಾರಣೆ.

ನಾಳೆ ಹೋಗಿ ಏನು ಹೇಳುವುದು? ಉಗುರಿಗೆ ಒಂದು ಗೆರೆ ಸಿಕ್ಕಿತು ಎಂದು? ಹಿರಿಯ ವಕೀಲರು ನಗುತ್ತಾ, "ಮೇಡಂ ಉಗುರನ್ನೂ ಸಾಕ್ಷಿಯಾಗಿ ಕರೆಸೋಣ," ಅನ್ನುತ್ತಾರೆ. ಲಿಫ್ಟುಗಳನ್ನು ನಿಲ್ಲಿಸುವಂತೆ ಜಡ್ಜ್ ಆದೇಶ ಮಾಡಬೇಕಾದರೆ, ಈ ಕುಳಿ ಎಲ್ಲಿಂದ ಬಂತು, ಅದು ಉಳಿದರೆ ಏನಾಗುತ್ತದೆ ಎಂದು ಬಾಯಿಬಿಟ್ಟು ಹೇಳುವ ಒಬ್ಬ ಮನುಷ್ಯ ಬೇಕು. ಅಚ್ಚು ಕೊಟ್ಟ ಮನುಷ್ಯ.

ಸಿಗ್ನಲ್ ದೀಪ ಕೆಂಪಾಯಿತು. ಪಕ್ಕದಲ್ಲೊಂದು ಎತ್ತರದ ಕಟ್ಟಡ. ಗಾಜಿನ ಲಿಫ್ಟೊಂದು ಹೊರಗೋಡೆಗೆ ಅಂಟಿಕೊಂಡು ಮೇಲೇರುತ್ತಿತ್ತು. ಒಳಗೆ ತಳ್ಳುಗಾಡಿಯಲ್ಲಿ ಮಗು, ಫೋನು ನೋಡುತ್ತಾ ನಿಂತ ತಾಯಿ. ಅದಕ್ಕೆ ಯಾವ ಕ್ಲಾಂಪ್ ಹಾಕಿದ್ದಾರೋ. ಹಿಂದಿನ ಕಾರಿನವನು ಹಾರ್ನ್ ಒತ್ತುವವರೆಗೂ ಅವಳು ನೋಡುತ್ತಲೇ ಇದ್ದಳು.

ಅವಳು ವಕೀಲಿಕೆಗೆ ಬಂದದ್ದೂ ಇಂಥದೇ ಒಂದು ಸಂಕಟದಿಂದ. ಆಗ ಬ್ರೇಕುಗಳನ್ನು ರೂಪಿಸುವ ಕಾರ್ಖಾನೆಯಲ್ಲಿ ಇಂಜಿನಿಯರ್. ಅವಳ ತಂಡದ ವಿನ್ಯಾಸ ಕಳುವಾಗಿ, ಸಾಕ್ಷಿ ಹೇಳಲು ಕಟಕಟೆ ಹತ್ತಿದ್ದಳು. ಕಾರ್ಖಾನೆಯ ವಕೀಲರು 'ಬುಷ್' ಎಂಬ ಬಿಡಿಭಾಗದ ಹೆಸರು ಬಂದಲ್ಲೆಲ್ಲ 'ಬ್ರಷ್' ಎಂದರು. ಅವಳು ತಿದ್ದಿದಳು. "ಕೇಳಿದ್ದಕ್ಕಷ್ಟೇ ಉತ್ತರ ಹೇಳಮ್ಮಾ," ಎಂದು ಗದರಿಸಿಕೊಂಡಳು. ತೀರ್ಪಿನಲ್ಲೂ ಬ್ರಷ್ ಎಂದೇ ಬಂತು. ಯಂತ್ರದಲ್ಲಿ ಯಾವ ಬ್ರಷ್ಷೂ ಇರಲಿಲ್ಲವಾದ್ದರಿಂದ ಕೇಸು ಬಿತ್ತು.

ಅಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ನಾನು ಲಾ ಓದ್ತೀನಿ," ಎಂದಿದ್ದಳು. ಗಂಡ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದ್ದರು: "ಓದ್ಲಿ ಬಿಡು. ಮಿಷನ್ನುಗಳು ಎದುರು ಮಾತಾಡಲ್ಲ, ಇವಳಿಗೆ ಬೇಜಾರಾಗಿದೆ."

ಈಗಲೂ ಅತ್ತೆ ಫೋನಿನಲ್ಲಿ ಅದನ್ನೇ ಕೇಳುವುದು, "ಇವತ್ತು ಯಾರ್ ಜೊತೆ ಜಗಳ?"

ಇವತ್ತಿನದು ಯಾರ ಜೊತೆ ಎಂದು ಅವಳಿಗೇ ತಿಳಿದಿರಲಿಲ್ಲ. ಹಳೆ ಅಚ್ಚನ್ನು ಕಂಡವರು ಮೂವರೇ. ಮೇಷ್ಟ್ರು. ವರ್ಕ್‌ಶಾಪ್ ನಡೆಸುವ ಮೇಷ್ಟ್ರ ಮಗಳು. ಆ ಅಚ್ಚಿನಲ್ಲಿ ಲೋಹ ಹೊಯ್ದ ಎರಕದವನು. ಮೇಷ್ಟ್ರು ತಮ್ಮ ಮನೆಗೆ ತಾವೇ ಕನ್ನ ಹಾಕಿಕೊಳ್ಳುವುದಿಲ್ಲ. ಮಗಳು ಅವಳ ಜೀವದ ಗೆಳತಿ. ಕಾಲೇಜಿನುದ್ದಕ್ಕೂ ಇಬ್ಬರೂ ಒಂದೇ ಡ್ರಾಯಿಂಗ್ ಮೇಜಿನ ಆಚೆ ಈಚೆ ಕೂತು, ಒಂದೇ ರಬ್ಬರಿಗೆ ಕಿತ್ತಾಡಿದವರು.

ಎರಕದವನೇ ಇರಲಿ ಎಂದು ಹಾರೈಸುತ್ತಾ ಅವಳು ಕಾರು ತಿರುಗಿಸಿದಳು.

*

ಎರಕದವನ ನಿಜವಾದ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲದಕ್ಕೂ "ಪರವಾಗಿಲ್ಲ ಬಿಡಿ" ಎನ್ನುತ್ತಿದ್ದುದರಿಂದ ಅವನ ಹೆಸರೇ 'ಪರವಾಗಿಲ್ಲ' ಆಗಿತ್ತು.

ಕುಲುಮೆ ಆರಿತ್ತು. ಮರಳಿನ ರಾಶಿಯ ಪಕ್ಕ ಅವನು ಕೂತು ಸಂಜೆಯ ಕಾಫಿ ಕುಡಿಯುತ್ತಿದ್ದ. ಅವಳನ್ನು ಕಂಡು ಕಬ್ಬಿಣದ ಸ್ಟೂಲೊಂದನ್ನು ಕಾಲಿನಿಂದ ತಳ್ಳಿದ. ಅವಳು ಕೂತವಳೇ ಚಂಗನೆ ಎದ್ದಳು.

"ಸ್ವಲ್ಪ ಬಿಸಿ ಇದೆ," ಎಂದ ಅವನು. "ಪರವಾಗಿಲ್ಲ."

"ನಿಂಗೆ ಪರವಾಗಿಲ್ಲ. ನೇರವಾಗಿ ಕೇಳ್ತೀನಿ, ಉಡದ ಹಳೆ ಅಚ್ಚು ಏನಾಯ್ತು? ಒಡೆದಿದ್ದು ನೀನೇನಾ?"

"ಯಾವ್ದು, ಕುಳಿ ಇದ್ದಿದ್ದಾ?" ಅವನು ಲೋಟ ಕೆಳಗಿಟ್ಟ. "ಒಡೀಬೇಕು ಅಂತ ಸುತ್ತಿಗೆ ಎತ್ತಿದ್ದೆ. ಅಕ್ಕಾವ್ರು ಬಂದು, ಇರ್ಲಿ ಕೊಡು, ನಾನೇ ಒಡೀತೀನಿ ಅಂದ್ರು. ಗೋಣಿಯಲ್ಲಿ ಸುತ್ತಿ ಅವರ ಗಾಡೀಲಿ ನಾನೇ ಇಟ್ಟೆ."

"ಯಾವ ಅಕ್ಕಾವ್ರು?"

"ಇರೋದು ಒಬ್ರೇ ಅಲ್ವಾ? ಮೇಷ್ಟ್ರ ಮಗಳು." ಅವಳ ಮುಖ ನೋಡಿ ಅವನೇ ಗಾಬರಿಯಾದ. "ಯಾಕೆ ಮೇಡಂ? ಹೇಳ್ಬಾರ್ದಿತ್ತಾ?"

ಹಾಗೇನಿಲ್ಲವೆಂದು ಅವಳು ತಲೆಯಾಡಿಸಿದಳು. ಅವನು ಈ ಸಲ ಪರವಾಗಿಲ್ಲ ಎನ್ನಲಿಲ್ಲ.

*

ವರ್ಕ್‌ಶಾಪಿನ ಹಿಂದಿನ ಶೆಡ್ಡಿನಿಂದ ಲೇತ್ ಯಂತ್ರದ ಸದ್ದು ಬರುತ್ತಿತ್ತು. ಮೇಷ್ಟ್ರು ಕೆಲಸದಲ್ಲಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಕಿವಿಯ ಹಿಂದೆ ಸೀಮೆಸುಣ್ಣ ಸಿಕ್ಕಿಸಿಕೊಳ್ಳದೆ ಅವರಿಗೆ ಕೆಲಸ ಸಾಗುತ್ತಿರಲಿಲ್ಲ.

ಮುಂದಿನ ಕೋಣೆಯಲ್ಲಿ ಮಗಳು ಒಬ್ಬಳೇ ಇದ್ದಳು. ಸಿದ್ಧವಾದ ಉಡಗಳನ್ನು ಸಾಲಾಗಿ ಜೋಡಿಸಿ ಒಂದೊಂದನ್ನೂ ಬಟ್ಟೆಯಿಂದ ಒರೆಸುತ್ತಿದ್ದಳು. ವಕೀಲೆ ಬಂದದ್ದನ್ನು ಕಂಡೂ ಕೈ ನಿಲ್ಲಿಸಲಿಲ್ಲ.

"ಬರ್ತೀಯ ಅಂತ ಗೊತ್ತಿತ್ತು."

"ಹೇಗೆ ಗೊತ್ತಿತ್ತು?"

"ಗೊತ್ತಿತ್ತು ಅಷ್ಟೇ. ಏನ್ ನೋಡ್ದೆ ಅಲ್ಲಿ?"

"ಹೇಳೋ ಹಾಗಿಲ್ಲ." ವಕೀಲೆ ಬಾಗಿಲು ಮುಂದೆ ಮಾಡಿದಳು. "ಆದ್ರೆ ಕೇಳಬಹುದು. ಬಾಯಿ ಕಟ್ಟಿದಾರೆ, ಪ್ರಶ್ನೆ ಕಟ್ಟಿಲ್ಲ. ಹಳೆ ಅಚ್ಚು ಒಡೆದ್ಯಾ?"

ಬಟ್ಟೆ ನಿಂತಿತು.

"ಪರವಾಗಿಲ್ಲ ಹೇಳಿದ್ನಾ?"

"ಸುಳ್ಳು ಹೇಳೋಕೆ ಅವನಿಗೆ ಬರಲ್ಲ. ನಿನಗೂ ಬರಲ್ಲ. ಅದಕ್ಕೇ ನಿನ್ನನ್ನೇ ಕೇಳ್ತಿದೀನಿ."

ಗೆಳತಿ ಸ್ಟೂಲು ಎಳೆದು ಕೂತಳು. ತನ್ನ ಅಂಗೈಯ ಕಪ್ಪು ನೋಡಿಕೊಂಡಳು.

"ಒಡೀಲಿಲ್ಲ. ಕಂಪನಿಗೆ ಕೊಟ್ಟೆ. ಆ ಮುಖ್ಯ ಇಂಜಿನಿಯರ್ ಕೈಗೇ ಕೊಟ್ಟೆ."

ಊಹಿಸಿದ್ದೇ ಆದರೂ ಕಿವಿಯಿಂದ ಕೇಳಿದಾಗ ವಕೀಲೆಯ ದನಿ ಏರಿತು.

"ಬೇಲೀನೇ ಎದ್ದು ಹೊಲ ಮೇಯ್ತಾ? ನಿಮ್ಮಪ್ಪ ದಿನಾ ನನ್ನ ಆಫೀಸಿಗೆ ಬಂದು, ಕಳ್ಳನ್ನ ಹಿಡೀ ಮಗಾ ಅಂತಾರಲ್ಲ, ನೀನು ಪಕ್ಕದಲ್ಲೇ ಕೂತು ತಲೆ ಆಡಿಸ್ತಿದ್ದೆಯಲ್ಲ!"

"ಕೇಸು ಬೇಡ ಅಂತ ನಾನು ಎಷ್ಟು ಸಲ ಹೇಳ್ದೆ? 'ಬೇಡ ಅಪ್ಪಾ, ಬಿಟ್ಬಿಡೋಣ' ಅಂತ ನಿನ್ನ ಎದುರಿಗೇ ಹೇಳಿಲ್ವಾ?"

ಹೇಳಿದ್ದಳು. ಹೆದರಿಕೆಯ ಮಾತು ಎಂದುಕೊಂಡು ವಕೀಲೆಯೇ ಧೈರ್ಯ ತುಂಬಿದ್ದಳು.

"ಯಾಕೆ ಕೊಟ್ಟೆ?"

"ರೋಲರ್," ಎಂದಳು ಗೆಳತಿ. "ಕಂಪನಿಯವರ ಕ್ಲಾಂಪಲ್ಲಿರೋ ರೋಲರ್ ನನ್ನದು. ನಾನು ಯೋಚಿಸಿದ್ದು, ನಾನು ಗೀಚಿದ್ದು. ಬೆಣೆ ಜಾಗದಲ್ಲಿ ರೋಲರ್ ಇಟ್ರೆ ಲಿಫ್ಟು ಧಡ್ ಅಂತ ನಿಲ್ಲಲ್ಲ, ಮೆತ್ತಗೆ ನಿಲ್ಲುತ್ತೆ. ಒಳಗಿರೋರ ಮೊಣಕಾಲು ಉಳಿಯುತ್ತೆ. ಅಪ್ಪನಿಗೆ ತೋರಿಸ್ದೆ. ಒಂದು ಸಲ ನೋಡಿ, 'ಆಟದ ಸಾಮಾನು' ಅಂದ್ರು. ಕೆಲಸಗಾರರ ಎದುರಿಗೆ. ಎಲ್ಲರೂ ನಕ್ಕರು."

ಹಿಂದಿನ ಶೆಡ್ಡಿನಲ್ಲಿ ಲೇತ್ ಗುಂಯ್‌ಗುಡುತ್ತಲೇ ಇತ್ತು.

"ಕಂಪನಿಯವರು ನಗಲಿಲ್ಲ. ಪರೀಕ್ಷೆ ಮಾಡೋಣ, ಚೆನ್ನಾಗಿದ್ರೆ ನಿಮ್ಮ ಹೆಸರಲ್ಲೇ ಬರುತ್ತೆ ಅಂದ್ರು. ರೋಲರ್ ಕೂರಿಸೋಕೆ ಒಂದು ದವಡೆ ಬೇಕಿತ್ತು. ಹೇಗೂ ಒಡೆಯೋ ಅಚ್ಚು ತಾನೇ ಅಂತ ಕೊಟ್ಟೆ. ಪರೀಕ್ಷೆಗೆ ಮಾತ್ರ ಅಂತ ಹೇಳೇ ಕೊಟ್ಟೆ. ಮಾರೋ ಮೊದಲು ಕುಳಿ ಮುಚ್ಚಲೇಬೇಕು ಅಂತ ಬಾಯಿ ನೋಯೋವರೆಗೂ ಹೇಳ್ದೆ. ಆಯ್ತು ಅಂದ್ರು."

"ಮುಚ್ಚದಿದ್ರೆ ಏನಾಗುತ್ತೆ?"

"ನಿನಗೆ ಗೊತ್ತಿಲ್ವಾ? ಹೊಡೆತ ಬಿದ್ದಾಗಲೆಲ್ಲ ಕುಳಿಯ ಅಂಚಿನಿಂದ…"

ಮಾತು ಅಲ್ಲೇ ನಿಂತಿತು. ಅವಳು ವಕೀಲೆಯ ಮುಖ ನೋಡಿದಳು. ವಕೀಲೆ ಗೋಡೆ ನೋಡಿದಳು.

"ಸೀಳಿತ್ತಾ?"

ವಕೀಲೆ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

"ಕಂಪನಿಯಲ್ಲಿ ಪರೀಕ್ಷೆಗೆ ಹೊಯ್ದ ತುಂಡುಗಳ ಮೇಲೆ ಸಂಖ್ಯೆ ಇರಲಿಲ್ಲ, ಮಾರೋದಕ್ಕಷ್ಟೇ ಒತ್ತೋದು. ನೀನು ನೋಡಿದ್ದರ ಮೇಲೆ ಸಂಖ್ಯೆ ಇತ್ತಾ? ಹೂಂ ಅನ್ನು, ಉಹೂಂ ಅನ್ನು, ಏನಾದ್ರೂ ಅನ್ನು!"

ವಕೀಲೆ ಏನೂ ಅನ್ನಲಿಲ್ಲ. ಕಣ್ಣು ಮಾತ್ರ ತುಂಬಿಬಂತು. ಅದಕ್ಕೆ ಕೋರ್ಟಿನ ಆದೇಶ ಅಡ್ಡಿಯಾಗಲಿಲ್ಲ.

ಗೆಳತಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಮಾರಿಬಿಟ್ರು. ಕುಳಿ ಸಮೇತ ಮಾರಿಬಿಟ್ರು. ಅಯ್ಯೋ, ಎಷ್ಟು ಲಿಫ್ಟಲ್ಲಿ ಹಾಕಿದಾರೋ!"

"ಕೇಳು." ವಕೀಲೆ ಅವಳ ಎದುರು ಕುಕ್ಕರಗಾಲಲ್ಲಿ ಕೂತು ಮುಂಗೈ ಹಿಡಿದಳು. "ನಾನು ಹೇಳಿದ್ರೆ ಜಡ್ಜ್ ನಂಬಬೇಕಾಗಿಲ್ಲ. ನಾನು ವಕೀಲೆ, ಸಾಕ್ಷಿ ಅಲ್ಲ. ಅಚ್ಚು ಕೊಟ್ಟವಳು ನೀನು, ಕುಳಿ ಮುಚ್ಚಿ ಅಂದವಳೂ ನೀನು. ನಾಳೆ ಬಂದು ಅಷ್ಟು ಹೇಳು. ಆ ಲಿಫ್ಟುಗಳನ್ನೆಲ್ಲ ನಿಲ್ಲಿಸೋ ಆದೇಶ ನಾನು ತರ್ತೀನಿ."

"ಹೇಳಿದ್ರೆ ನಿನ್ನ ಕೇಸು ಬೀಳುತ್ತೆ. ಮಗಳೇ ಕೊಟ್ಟಮೇಲೆ ಕಳ್ಳತನ ಎಲ್ಲಿಂದ ಬಂತು ಅಂತಾರೆ."

"ಕೇಸು ಬಿದ್ರೆ ಎತ್ತಬಹುದು. ಲಿಫ್ಟು ಬಿದ್ರೆ?"

ಗೆಳತಿ ಮೂಗು ಒರೆಸಿಕೊಂಡು, "ಅಪ್ಪನಿಗೆ ನಾನೇ ಹೇಳ್ತೀನಿ," ಎಂದಳು.

ಹಿಂದೆ ಲೇತಿನ ಸದ್ದು ನಿಂತಿತು.

*

ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಬಂದರು. ವಕೀಲೆಯನ್ನು ಕಂಡು ಮುಖ ಅರಳಿತು.

"ಬಂದ್ಯಾ ಮಗಾ? ಸಿಕ್ಕಿದ್ನಾ ಕಳ್ಳ?"

"ಸಿಕ್ಕಿದಾಳೆ ಅಪ್ಪಾ," ಎಂದಳು ಮಗಳು. ಎದ್ದು ನಿಂತು, ತಂದೆಯ ಕಣ್ಣಲ್ಲಿ ಕಣ್ಣಿಟ್ಟು, ಗೆಳತಿಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದಳು. ಯಾವ ಮಾತನ್ನೂ ಮೆತ್ತಗೆ ಮಾಡಲಿಲ್ಲ. ಆಟದ ಸಾಮಾನು ಎಂಬಲ್ಲಿ ಮಾತ್ರ ದನಿ ನಡುಗಿತು.

ವಕೀಲೆ ಸಿಡಿಲಿಗೆ ಕಾದಳು. ಮೇಷ್ಟ್ರ ಸಿಟ್ಟು ಊರಿಗೇ ಗೊತ್ತು.

ಸಿಡಿಲು ಬೀಳಲಿಲ್ಲ. ಮೇಷ್ಟ್ರು ಗೋಡೆ ಹಿಡಿದುಕೊಂಡು ಮೆಲ್ಲಗೆ ಬೆಂಚಿನ ಮೇಲೆ ಕೂತರು.

"ರೋಲರ್ ಆಟದ ಸಾಮಾನಲ್ಲ," ಎಂದರು ನೆಲ ನೋಡುತ್ತಾ. "ಅವತ್ತು ನೀನು ಆ ಕಡೆ ಹೋದ ಮೇಲೆ ನಿನ್ನ ಚಿತ್ರ ತಗೊಂಡು ಒಂದು ಮಾಡಿ ನೋಡ್ದೆ. ಕೆಲಸ ಮಾಡ್ತು. ನನ್ನ ಬೆಣೆಗಿಂತ ಚೆನ್ನಾಗಿ ಮಾಡ್ತು."

ಮಗಳ ಮುಖದಲ್ಲಿ ಏನೋ ಬೆಳಗಿತು. ಅಷ್ಟು ದಿನ ಕಾದಿದ್ದ ಮಾತು ಅದು. "ಮತ್ತೆ ಯಾಕೆ ಹೇಳ್ಲಿಲ್ಲ ಅಪ್ಪಾ?"

"ಬೇರೆಯವರು ಮುಟ್ಟೋ ಮೊದಲು ಅಂತ ಪೇಟೆಂಟಿಗೆ ಅರ್ಜಿ ಹಾಕಿಬಿಟ್ಟೆ."

ವಕೀಲೆ ಬೆಚ್ಚಿದಳು. ಅವಳಿಗೆ ಈ ಅರ್ಜಿಯ ಸುಳಿವೇ ಇರಲಿಲ್ಲ. ಕೇಳಬಾರದೆನಿಸಿದರೂ ಬಾಯಿಂದ ಬಂತು: "ಯಾರ ಹೆಸರಲ್ಲಿ ಮೇಷ್ಟ್ರೇ?"

ಮೇಷ್ಟ್ರು ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದರು. ಬೆರಳುಗಳ ನಡುವೆ ಅದು ಪುಡಿಯಾಯಿತು.

"ನನ್ನ ಹೆಸರಲ್ಲಿ."

ಮಗಳ ಮುಖದ ಬೆಳಕು ಆರಿತು.

"ಒಂದೇ ಮನೆ ಅಲ್ವೇನೋ ಮಗಾ," ಮೇಷ್ಟ್ರು ಮಗಳ ಕಡೆ ತಿರುಗಿ ಅವಸರಪಟ್ಟರು. "ಉಡ ಅಂದ್ರೆ ಜನ ನನ್ನ ಹೆಸರು ಹೇಳ್ತಾರೆ. ಅದರ ಜೊತೆಗೇ ಇದೂ ಇರ್ಲಿ ಅಂತ. ನನ್ನದು ಅಂದ್ರೆ ನಿನ್ನದೂ ತಾನೇ?"

"ಹಾಗಾದ್ರೆ ನನ್ನ ಹೆಸರು ಹಾಕ್ಬಹುದಿತ್ತು ಅಪ್ಪಾ," ಎಂದಳು ಮಗಳು. "ನನ್ನದು ಅಂದ್ರೆ ನಿಮ್ಮದೂ ತಾನೇ?"

ಮೇಷ್ಟ್ರು ಬೆರಳಿಗಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳತೊಡಗಿದರು.

ಮಗಳು ಏಪ್ರನ್ ಬಿಚ್ಚಿ, ನೀಟಾಗಿ ಮಡಚಿ ಬೆಂಚಿನ ಮೇಲೆ, ತಂದೆಯ ಪಕ್ಕದಲ್ಲಿಟ್ಟಳು. ಬಾಗಿಲು ತೆರೆದು ಹೊರನಡೆದಳು.

*

ಗೇಟಿನ ಹತ್ತಿರ ವಕೀಲೆ ಅವಳನ್ನು ಹಿಡಿದಳು. ಬೀದಿದೀಪಗಳು ಆಗತಾನೆ ಹತ್ತಿಕೊಳ್ಳುತ್ತಿದ್ದವು.

"ನಿನ್ನ ಕಕ್ಷಿದಾರ ಒಳಗಿದಾರೆ," ಎಂದಳು ಗೆಳತಿ ತಿರುಗದೆ. "ನನ್ನ ಹಿಂದೆ ಯಾಕೆ ಬರ್ತೀಯ?"

"ನಾಳೆ ಬರ್ತೀಯಾ ಇಲ್ವಾ?"

"ಬರ್ತೀನಿ." ಅವಳು ಫೋನು ತೆಗೆದಳು. "ಆದ್ರೆ ನಿನ್ನ ಕಡೆಯಿಂದಲ್ಲ. ಕುಳಿ ವಿಷಯ ಎದ್ದಿದೆ, ಬಂದು ಉತ್ತರ ಹೇಳ್ತೀಯಾ ಅಂತ ಕಂಪನಿಯ ಆ ಹಿರಿಯ ವಕೀಲರು ಇವತ್ತು ಮಧ್ಯಾಹ್ನವೇ ಕೇಳಿದ್ರು. ಅಪ್ಪನ ವಿರುದ್ಧ ಹೇಗೆ ನಿಲ್ಲೋದು ಅಂತ ಸುಮ್ಮನಿದ್ದೆ."

ವಕೀಲೆಯ ಎದುರಿಗೇ ನಂಬರು ಒತ್ತಿದಳು. "ಸರ್, ನಾನು ಬರ್ತೀನಿ," ಎಂದಳು. ಇಟ್ಟುಬಿಟ್ಟಳು.

"ಅವರು ಸೀಳಿನ ಬಗ್ಗೆ ನಿನ್ನನ್ನ ಕೇಳಲ್ಲ!"

"ಕೇಳಲ್ಲ. ರೋಲರ್ ಯಾರದ್ದು ಅಂತ ಕೇಳ್ತಾರೆ, ಅಚ್ಚು ಯಾರು ಕೊಟ್ರು ಅಂತ ಕೇಳ್ತಾರೆ, ಕೂತ್ಕೋ ಅಂತಾರೆ. ಆಮೇಲೆ ಪಾಟೀಸವಾಲು ನಿನ್ನದು, ನೀನು ಕೇಳದಿದ್ರೆ ಅದನ್ನ ಬೇರೆ ಯಾರೂ ಕೇಳಲ್ಲ." ಗೆಳತಿ ಈಗ ತಿರುಗಿದಳು. ಕಣ್ಣು ಕೆಂಪಾಗಿತ್ತು, ದನಿ ಗಟ್ಟಿಯಾಗಿತ್ತು. "ಸೀಳಿನ ಪ್ರಶ್ನೆ ನೀನು ಕೇಳು, ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಆದ್ರೆ ನೀನು ಬಾಯಿ ಬಿಟ್ಟ ಕೂಡಲೇ ಮಿಕ್ಕಿದ್ದೂ ಹೊರಗೆ ಬರುತ್ತೆ. ಅಪ್ಪ ಏನ್ ಮಾಡಿದ್ರು ಅನ್ನೋದೂ. ಅಪ್ಪನ ವಕೀಲೆಯಾಗಿ ನಿಂತು ಕೇಳೋ ಧೈರ್ಯ ಇದೆಯಾ?"

ಬೀದಿಯ ಆಚೆ ಕಡೆ, ಕಚೇರಿಗಳ ಕಟ್ಟಡದಿಂದ ಕೆಲಸ ಮುಗಿಸಿದ ಜನ ಗುಂಪುಗುಂಪಾಗಿ ಇಳಿದು ಬರುತ್ತಿದ್ದರು. ಲಿಫ್ಟಿನ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು.

"ಇದೆ," ಎಂದಳು ವಕೀಲೆ. "ಕೇಳ್ತೀನಿ. ಮೇಷ್ಟ್ರಿಗೆ ಮೊದಲೇ ಹೇಳಿ ಕೇಳ್ತೀನಿ. ಅವರು ಬೈದ್ರೂ ಕೇಳ್ತೀನಿ, ಅತ್ತರೂ ಕೇಳ್ತೀನಿ."

ಗೆಳತಿ ಒಮ್ಮೆ ತಲೆಯಾಡಿಸಿ ನಡೆದುಬಿಟ್ಟಳು.

ವಕೀಲೆ ಹಿಂತಿರುಗಿದಳು. ಮೇಷ್ಟ್ರು ಆಗಲೇ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಬೆನ್ನು ನೆಟ್ಟಗಾಗಿತ್ತು, ಪಾಠ ಮಾಡುವಾಗಿನ ನಿಲುವು. ಅಲ್ಲಿಗೆ ಎಲ್ಲವೂ ಕೇಳಿಸಿತ್ತು.

"ಮೇಷ್ಟ್ರೇ, ನಾಳೆ ನಾನು…"

"ನಾಳೆ ನೀವು ಬರೋದು ಬೇಡ ಮೇಡಂ," ಎಂದರು ಮೇಷ್ಟ್ರು. ಇಷ್ಟು ದಿನ ಮಗಾ ಎನ್ನುತ್ತಿದ್ದವರು. "ಈಗಿನಿಂದ ನೀವು ನನ್ನ ವಕೀಲರಲ್ಲ."